ನಮ್ಮ ಆಫೀಸಿನಲ್ಲೇ ನನ್ನನ್ನೂ ಸೇರಿ ನಾಲ್ಕು ಜನ ಮಂಜುನಾಥ. ಗೆಜೆಟ್‌ನಲ್ಲಿ ಹೆಸರು ಬದಲಿಸಿಕೊಳ್ಳಲಾ?
ಬೇಡ. ನಿಮ್ಮ ಕಾಗದಪತ್ರ ಇನ್ನೊಬ್ಬರ ಜೊತೆ ಸೇರಿಹೋಗುತ್ತಿದೆ ಅಂದಿದ್ದೀರಿ, ಆ ಸಂಕಟ ನನಗೆ ಗೊತ್ತು. ನಾನೂ ಮಂಜುನಾಥನೇ.

ನಮ್ಮೂರಲ್ಲಿ ಇನ್ನೊಬ್ಬ ಮಂಜಣ್ಣ ಇದ್ದಾರೆ. ನನಗಿಂತ ಹಿರಿಯರು. ನನ್ನ ತಂದೆ ರಾಮೇಗೌಡ, ಅವರ ತಂದೆಯೂ ರಾಮೇಗೌಡ. ಊರಿನವರಿಗೆ ಗೊಂದಲವೇ ಇಲ್ಲ, ಮನೆತನದ ಹೆಸರು ಹಿಡಿದು ಕರೆಯುತ್ತಾರೆ. ಪಹಣಿಯಲ್ಲಿ, ಅಂದರೆ ಜಮೀನಿನ ಸರ್ಕಾರಿ ದಾಖಲೆಯಲ್ಲಿ ಮಾತ್ರ ಇಬ್ಬರೂ 'ಮಂಜುನಾಥ ಬಿನ್ ರಾಮೇಗೌಡ'.

ತಂಗಿಯ ಮದುವೆಗೆ ಅಂತ ಜಮೀನು ಮಾರಲು ಹೊರಟೆವು. ಪಹಣಿ ತೆಗೆಸಿದರೆ 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಕೂತಿದೆ! ನಾವು ಆ ಬ್ಯಾಂಕಿನ ಮೆಟ್ಟಿಲೂ ಹತ್ತಿದವರಲ್ಲ. ಬೆಳೆ ಸಾಲ ತೆಗೆದದ್ದು ಮಂಜಣ್ಣ.

ಆಗಿದ್ದಿಷ್ಟು. ಇಬ್ಬರ ಜಮೀನೂ ಒಂದೇ ಸರ್ವೆ ನಂಬರಿನಲ್ಲಿದೆ, ಹಿಸ್ಸಾ, ಅಂದರೆ ಅದರೊಳಗಿನ ಪಾಲಿನ ನಂಬರ್ ಮಾತ್ರ ಬೇರೆ. ಸಾಲದ ವಿವರ ತಾಲ್ಲೂಕು ಕಚೇರಿಗೆ ಬಂದಾಗ, ಅದನ್ನು ಏರಿಸಿದವರು ಹೆಸರು ನೋಡಿದರು, ತಂದೆ ಹೆಸರು ನೋಡಿದರು, ಸರ್ವೆ ನಂಬರ್ ನೋಡಿದರು. ಮೂರೂ ಹೊಂದಿತು. ಹಿಸ್ಸಾ ನೋಡಲಿಲ್ಲ. ಹೋಗಲಿ, ವಿಸ್ತೀರ್ಣವನ್ನಾದರೂ ನೋಡಬಹುದಿತ್ತು. ಅವರದು ಎರಡು ಎಕರೆ, ನಮ್ಮದು ಒಂದು ಎಕರೆ ಹತ್ತು ಗುಂಟೆ. ಒಂದು ಎಕರೆ ಹತ್ತು ಗುಂಟೆ ಇರುವವನ ಮೇಲೆ ಎರಡು ಎಕರೆಯ ಅಡಮಾನ ಹೇಗೆ ಬರುತ್ತದೆ? ಆ ಪ್ರಶ್ನೆ ಅಲ್ಲಿ ಯಾರಿಗೂ ಬರಲಿಲ್ಲ. ಹೆಸರು ಹೊಂದಿತು ಅಂದರೆ ಮನುಷ್ಯನೂ ಅವನೇ ಅಂದುಕೊಂಡರು. ಎಲ್ಲ ಕೆಟ್ಟದ್ದು ಇಲ್ಲೇ.

ಕಚೇರಿಯವರು ಬ್ಯಾಂಕಿನ ಪತ್ರ ತನ್ನಿ ಅಂದರು. ಬ್ಯಾಂಕಿನವರು ನೀವು ನಮ್ಮ ಗ್ರಾಹಕರೇ ಅಲ್ಲ, ಪತ್ರ ಹೇಗೆ ಕೊಡೋದು ಅಂದರು. ಅಷ್ಟರಲ್ಲಿ ಕೊಳ್ಳುವವರು ಅಡ್ವಾನ್ಸ್ ವಾಪಸ್ ತೆಗೆದುಕೊಂಡು ಹೋದರು. ಮದುವೆ ನಿಲ್ಲಿಸಲಾಗುತ್ತದಾ? ಬಡ್ಡಿಗೆ ಕೈಸಾಲ ಮಾಡಿದೆವು. ಕೊನೆಗೆ ಮಂಜಣ್ಣನೇ ತಮ್ಮ ಕೆಲಸ ಬಿಟ್ಟು ನನ್ನ ಜೊತೆ ಬಂದು, ಸಾಲ ನನ್ನದು ಅಂತ ಬರೆದುಕೊಟ್ಟರು. ಆಮೇಲೆ ತಿದ್ದುಪಡಿ ಆಯಿತು.

ಅವತ್ತು ನನ್ನ ಹೆಸರು ಬೇರೆ ಆಗಿದ್ದರೆ ಇದು ತಪ್ಪುತ್ತಿತ್ತು ಅಂತ ನಿಮಗೆ ಅನ್ನಿಸಬಹುದು. ಆದರೆ ಗೆಜೆಟ್‌ನಲ್ಲಿ ಬಂದ ಮಾತ್ರಕ್ಕೆ ಪಹಣಿ, ಹಳೇ ಕ್ರಯಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಾವಾಗಿ ಬದಲಾಗುವುದಿಲ್ಲ. ಆಮೇಲೆ ಹೋದ ಕಡೆಯೆಲ್ಲ 'ಎರಡೂ ಹೆಸರು ಒಬ್ಬರದೇ' ಅಂತ ಅಫಿಡವಿಟ್ ಕೊಡುತ್ತಾ ಇರಬೇಕು.

ಒಂದೇ ಹೆಸರಿನವರನ್ನು ಬೇರೆ ಮಾಡಿ ತೋರಿಸೋದು ದಾಖಲೆ ಬರೆಯುವವರ ಕೆಲಸ. ಚುನಾವಣೆಯಲ್ಲಿ ಇದಕ್ಕೆ ನಿಯಮವೇ ಇದೆ: ಒಂದೇ ಹೆಸರಿನ ಅಭ್ಯರ್ಥಿಗಳಿದ್ದರೆ ಕಸುಬೋ ವಾಸಸ್ಥಳವೋ ಸೇರಿಸಿ ಗುರುತು ಮಾಡಬೇಕು. 2015ರಿಂದ ಮತಪತ್ರದಲ್ಲಿ ಅಭ್ಯರ್ಥಿಯ ಫೋಟೋ ಕೂಡ ಹಾಕುತ್ತಾರೆ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಎದುರು ಇನ್ನೂ ಮೂವರು ಸುಮಲತಾ ನಿಂತಿದ್ದರು. ಆದರೂ ಗೆದ್ದರಲ್ವಾ? ನಮ್ಮ ಹಿರಿಯರ ಇನಿಷಿಯಲ್ ಕೂಡ ಇದೇ ಕೆಲಸ ಮಾಡುತ್ತಿತ್ತು. ದೇವೇಗೌಡರ 'ಹೆಚ್.ಡಿ.'ಯಲ್ಲಿ ಹರದನಹಳ್ಳಿ ಅನ್ನುವ ಊರೂ ಇದೆ, ದೊಡ್ಡೇಗೌಡ ಅನ್ನುವ ತಂದೆಯೂ ಇದ್ದಾರೆ.

ನೀವು ಮಾಡಬೇಕಾದ್ದು ಬೇರೆ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮುಂದಿಟ್ಟುಕೊಂಡು ಕೂತು ನೋಡಿ. ಒಂದರಲ್ಲಿ ಬರೀ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ತಂದೆ ಹೆಸರು, ಮತ್ತೊಂದರಲ್ಲಿ ಏನೂ ಇಲ್ಲ ಅಂದರೆ ಮೊದಲು ಅದನ್ನು ಸರಿ ಮಾಡಿಸಿ. ಆಫೀಸಿನಲ್ಲಿ ಹೆಸರಿನ ಜೊತೆ ಉದ್ಯೋಗಿ ಸಂಖ್ಯೆ ಇಲ್ಲದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಜಮೀನಿದ್ದರೆ ಪಹಣಿಗೆ ಆಧಾರ್ ಜೋಡಿಸಿ, ವರ್ಷಕ್ಕೊಮ್ಮೆ 11ನೇ ಕಾಲಂ ನೋಡಿಕೊಳ್ಳಿ.