ಮ್ಯಾಟ್ ಕಂದು ಐಶ್ಯಾಡೋ ಗೆರೆಗಟ್ಟಿ ಬೂದು ಕಾಣುವುದಕ್ಕೆ

ಆರತಕ್ಷತೆಗೆ ಹಚ್ಚಿದ ಮ್ಯಾಟ್ (ಹೊಳಪಿಲ್ಲದ) ಕಂದು ಐಶ್ಯಾಡೋ ಸ್ವಲ್ಪ ಹೊತ್ತಿಗೇ ರೆಪ್ಪೆಯ ಮಡಿಕೆಯಲ್ಲಿ ಗೆರೆಗಟ್ಟುತ್ತದೆ, ಬೂದು ಕಾಣುತ್ತದೆ ಅಂತ ಕೇಳಿದ್ದೀರಿ. ಇವು ಎರಡು ಬೇರೆ ಬೇರೆ ತೊಂದರೆ ರೀ.

ಗೆರೆಗಟ್ಟುವುದು ಎಣ್ಣೆ, ಬೆವರಿನಿಂದ. ರಾಯಚೂರಿನ ಬೇಸಿಗೆಯಲ್ಲಿ ರೆಪ್ಪೆಗೆ ಕ್ರೀಮ್ ಬೇಡವೇ ಬೇಡ. ಟಿಶ್ಯೂನಿಂದ ಒತ್ತಿ ಒರೆಸಿ, ಎರಡೂ ಕಣ್ಣಿಗೆ ಸೇರಿ ಅಕ್ಕಿಕಾಳಿನಷ್ಟೇ ಪ್ರೈಮರ್ (ಬಣ್ಣ ಹಿಡಿದು ನಿಲ್ಲಲು ಮೊದಲು ಹಚ್ಚುವ ಲೇಪ) ಬೆರಳ ತುದಿಯಲ್ಲಿ ತಟ್ಟಿ 1 ನಿಮಿಷ ಬಿಡಿ. ದಪ್ಪ ಆದರೆ ಜಾರುತ್ತದೆ. ಮೇಲೆ ಮೈಬಣ್ಣದ ಮ್ಯಾಟ್ ಶ್ಯಾಡೋ ತೆಳುವಾಗಿ ಹಚ್ಚಿ. ಹಸಿ ಪ್ರೈಮರ್ ಮೇಲೆ ನೇರ ಗಾಢ ಬಣ್ಣ ಇಟ್ಟರೆ ಅಲ್ಲೇ ಕಚ್ಚಿಕೊಂಡು ಕಲೆಯಾಗುತ್ತದೆ, ಹರಡುವುದಿಲ್ಲ.

ಬೂದು ಕಾಣುವುದು ಹೆಚ್ಚಾಗಿ ಬಣ್ಣದ ಆಯ್ಕೆಯಿಂದ. ಗೋಧಿ, ಕಂದು ಮೈಬಣ್ಣಕ್ಕೆ ಇಟ್ಟಿಗೆ ಕೆಂಪಿನ ಛಾಯೆಯಿರುವ ಕಂದೇ ಚೆಂದ. ಬ್ರಷ್ ಕೊಡವಿ, ಕಣ್ಣು ತೆರೆದು ಕನ್ನಡಿ ನೇರ ನೋಡುತ್ತಾ ಮಡಿಕೆಗಿಂತ ಸ್ವಲ್ಪ ಮೇಲೆ ಅತ್ತಿತ್ತ ಆಡಿಸಿ. ಕಣ್ಣು ಮುಚ್ಚಿ ಹಚ್ಚಿದರೆ ತೆರೆದಾಗ ಬಣ್ಣ ಮಡಿಕೆಯೊಳಗೆ ಮುಚ್ಚಿಹೋಗಬಹುದು. ಕಾಫಿ ಬಣ್ಣ ರೆಪ್ಪೆಯ ಹೊರಮೂಲೆ ಕಡೆಯ ಮೂರನೇ ಒಂದು ಭಾಗಕ್ಕೆ ಮಾತ್ರ. ಅಂಚನ್ನು ಬಣ್ಣವಿಲ್ಲದ ಬ್ರಷ್‌ನಿಂದ ಮಸುಕಾಗಿಸಿ.

ಕೆನ್ನೆಗೆ ಉದುರಿದ ಪುಡಿ ಬೆರಳಲ್ಲಿ ಉಜ್ಜಬೇಡಿ. ಒಣ ಬ್ರಷ್‌ನಲ್ಲಿ ಕೊಡವಿ, ಫೌಂಡೇಶನ್ ಆಮೇಲೆ ಹಚ್ಚಿ.