ಸೀಟು ಮುಂದಕ್ಕೆ ಸರಿಸಿದ್ದು ಯಾರು?

ಈ ವಾರ ಬಂದ ಒಂದು ಪತ್ರವನ್ನು ಮೂರು ಸಲ ಓದಿದೆ. ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ ಎದ್ದು ಹೋಗಿ ಕಾಫಿ ಮಾಡಿಕೊಂಡೆ.

ಬರೆದವರು ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಕನ್ನಡಿಗರು. 36 ವರ್ಷ, ಐಟಿ ಕೆಲಸ. ಇವರ ದೊಡ್ಡಪ್ಪ ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, 1971ರಲ್ಲಿ ಇಂಗ್ಲೆಂಡಿಗೆ ಹೋಗಿ, ವುಲ್ವರ್‌ಹ್ಯಾಂಪ್ಟನ್‌ನಲ್ಲಿ ನೆಲೆ ನಿಂತವರು. ಮಕ್ಕಳಿಲ್ಲ. ಹೋದ ವರ್ಷ ತೀರಿಕೊಂಡರು. ಉಯಿಲಿನ ಪ್ರಕಾರ ಮನೆ ದೊಡ್ಡಮ್ಮನಿಗೆ, ಗ್ಯಾರೇಜಿನಲ್ಲಿರುವ 1972ರ ಎಂಜಿಬಿ ರೋಡ್‌ಸ್ಟರ್, ಅಂದರೆ ಎರಡು ಸೀಟಿನ ತೆರೆದ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಇವರಿಗೆ. ಅದು 2001ರಿಂದ ನಿಂತಲ್ಲೇ ನಿಂತಿದೆ. ಇವರಿಗೆ ಅದನ್ನು ಹೊಸದರಂತೆ ಮಾಡುವ ಆಸೆ. ಬಾಡಿ ಕೆಲಸಕ್ಕೇ 11,000 ಪೌಂಡ್ ಆಗುತ್ತದೆ ಎಂದಿದ್ದಾರಂತೆ. ಹೆಂಡತಿ ಮಾತ್ರ ‘ಮಾರಿ, ಮನೆಯ ಡೆಪಾಸಿಟ್‌ಗೆ ಸೇರಿಸೋಣ’ ಅನ್ನುತ್ತಾರೆ. ‘ಅವಳಿಗೆ ನೆನಪಿನ ಬೆಲೆ ಗೊತ್ತಿಲ್ಲ. ಹೆಂಡತಿಯ ಮಾತು ಕೇಳಲೋ, ದೊಡ್ಡಪ್ಪನ ನೆನಪು ಉಳಿಸಲೋ?’ ಇದು ಅವರ ಪ್ರಶ್ನೆ.

ಮೊದಲು ನಿಮ್ಮ ಹೆಂಡತಿಯ ವಿಷಯ ಮುಗಿಸಿಬಿಡುತ್ತೇನೆ. ಅವರು ಹೇಳುತ್ತಿರುವುದು ಸರಿ. ಈಗಾಗಲೇ 4,300 ಪೌಂಡ್ ಖರ್ಚು ಮಾಡಿದ್ದೀರಿ, ಅದರಲ್ಲಿ 1,700 ಅವರಿಗೆ ಗೊತ್ತೇ ಇಲ್ಲ. ಇದನ್ನು ಪತ್ರದ ಕೊನೆಯಲ್ಲಿ, ತಾ.ಕ. ಹಾಕಿ ಬರೆದಿದ್ದೀರಿ. ಮುಚ್ಚಿಟ್ಟಿದ್ದು ನೀವು, ನೆನಪಿನ ಬೆಲೆ ಗೊತ್ತಿಲ್ಲದವರು ಅವರು! ಇವತ್ತೇ ಹೇಳಿಬಿಡಿ. ಬೈಸಿಕೊಳ್ಳಿ.

ಇನ್ನು ನಿಮ್ಮ ಆ ಗೆಳೆಯ. ಹಳೇ ಕಾರಿನ ಹುಚ್ಚಿನವರು, ‘ಒರಿಜಿನಲ್ ಆಗದಿದ್ರೆ ಮಾಡಲೇಬಾರದು’ ಅಂದವರು. ಒಂದೇ ಭಾನುವಾರದಲ್ಲಿ ಕಾರನ್ನು ಅರ್ಧ ಬಿಚ್ಚಿಸಿ, ಸ್ಕ್ರೂಗಳನ್ನೆಲ್ಲ ಐಸ್‌ಕ್ರೀಮ್ ಡಬ್ಬಕ್ಕೆ ಹಾಕಿಸಿ, ಊಟ ಮಾಡಿ ಹೋದವರು. ನಿಮ್ಮ ಮನೆಯ ಜಗಳಕ್ಕೆ ಅರ್ಧ ಕಾರಣ ಈ ಮನುಷ್ಯ. ಬಿಚ್ಚುವುದಕ್ಕೆ ಎಲ್ಲರೂ ಬರುತ್ತಾರೆ. ಕೂಡಿಸುವ ಹೊತ್ತಿಗೆ ಅವರಿಗೆ ಬೆನ್ನುನೋವು.

ಆತ ಹೇಳದೇ ಬಿಟ್ಟ ಒಂದು ಮಾತು ಕೇಳಿ. ಎಂಜಿಬಿ ಅಪರೂಪದ ಕಾರೇನಲ್ಲ. ಅಬಿಂಗ್‌ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ, ಛಾವಣಿಯಿರುವ ಜಿಟಿ ಮಾದರಿಯೂ ಸೇರಿ, ಐದು ಲಕ್ಷಕ್ಕೂ ಜಾಸ್ತಿ ತಯಾರಾಯಿತು. ಬಿಡಿ ಭಾಗ ಬೇಕಾದಷ್ಟು ಸಿಗುತ್ತವೆ. ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು ಹಳೆಯ ಅಚ್ಚುಗಳನ್ನೇ ಬಳಸಿ ಇಡೀ ಬಾಡಿಯನ್ನು ಹೊಸದಾಗಿ ಮಾಡಿಕೊಡುತ್ತಾರೆ. ಹಾಗಾಗಿ ಇವತ್ತಲ್ಲದಿದ್ದರೆ ಐದು ವರ್ಷ ಬಿಟ್ಟೂ ಈ ಕೆಲಸ ಮಾಡಬಹುದು. ಹಾಕಿದ ದುಡ್ಡು ಮಾರಿದಾಗ ಪೂರ್ತಿ ವಾಪಸ್ ಬರುವುದು ಮಾತ್ರ ಅಪರೂಪ. ನಿಮ್ಮದು 1974ರ ಹಿಂದಿನದು, ಅಂದರೆ ಕ್ರೋಮ್ ಬಂಪರಿನದು. ಆಮೇಲೆ ಅಮೆರಿಕದ ಸುರಕ್ಷತಾ ನಿಯಮಕ್ಕಾಗಿ ಕಪ್ಪು ರಬ್ಬರ್ ಬಂಪರ್ ಹಾಕಿ, ಕಾರನ್ನೇ ಎತ್ತರಿಸಿದರು. ಅದಕ್ಕಿಂತ ನಿಮ್ಮದಕ್ಕೆ ಬೆಲೆ ಸ್ವಲ್ಪ ಮೇಲೆ. ಅಷ್ಟೇ.

ಸರಿ. ನನ್ನನ್ನು ಕಾಫಿಗೆ ಎಬ್ಬಿಸಿದ್ದು ಇದು ಯಾವುದೂ ಅಲ್ಲ.

ಕಾರಿನ ರೋಗಗಳನ್ನು ಹೇಳುತ್ತಾ ನೀವು ಹೀಗೆ ಬರೆದಿದ್ದೀರಿ: ‘ಬಾಗಿಲ ಕೆಳಗಿನ ಸಿಲ್‌ಗಳು ಕೊಳೆತಿವೆ. ಪೆಟ್ರೋಲ್ ಟ್ಯಾಂಕಿನಲ್ಲಿ ಅಂಟು ಕಟ್ಟಿದೆ. ಸೀಟಿನ ಹಿಂದಿನ ಎರಡು ಬ್ಯಾಟರಿಗಳೂ ಅಲ್ಲೇ ಪುಡಿಯಾಗಿ ಕೂತಿವೆ. ಡ್ರೈವರ್ ಸೀಟು ಪೂರ್ತಿ ಮುಂದೆ ಬಂದು ಸಿಕ್ಕಿಕೊಂಡಿದೆ, ನನಗೆ ಕೂರಲಿಕ್ಕೇ ಆಗಲ್ಲ, ಮಂಡಿ ಸ್ಟೀರಿಂಗಿಗೆ ತಾಗುತ್ತೆ. ಮುಂದಿನ ವಾರ ಎಣ್ಣೆ ಬಿಟ್ಟು ನೋಡ್ತೀನಿ.’

ಇದಕ್ಕೂ ಒಂದು ಪುಟ ಮೊದಲು, ಸ್ವಲ್ಪ ಹೆಮ್ಮೆಯಿಂದಲೇ, ಹೀಗೆ ಬರೆದಿದ್ದೀರಿ: ‘ದೊಡ್ಡಪ್ಪ ಆರಡಿ ಆಳು. ನನಗೂ ಅವರ ಎತ್ತರವೇ ಬಂದಿದೆ.’

ಸ್ವಾಮಿ, ಆರಡಿ ಮನುಷ್ಯ ಆ ಸೀಟಿನಲ್ಲಿ ಹೇಗೆ ಕೂರುತ್ತಿದ್ದರು?

ಆ ಸೀಟು ಎರಡು ಹಳಿಗಳ ಮೇಲೆ ಜಾರುತ್ತದೆ. ಕೆಳಗೊಂದು ಹಿಡಿ. ಎಳೆದರೆ ಸರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ತೇವಕ್ಕೆ ಹಳಿ ತುಕ್ಕು ಹಿಡಿದರೆ, ಕೊನೆಯ ಸಲ ಎಲ್ಲಿ ನಿಲ್ಲಿಸಿದ್ದರೋ ಅಲ್ಲೇ ನಿಂತುಬಿಡುತ್ತದೆ. ಅಂದರೆ 2001ರಲ್ಲಿ ಕೊನೆಗೆ ಆ ಕಾರು ಓಡಿಸಿದವರ ಕಾಲಿನ ಅಳತೆ ಇವತ್ತಿಗೂ ಅಲ್ಲೇ ಇದೆ. ಬ್ಯಾಟರಿ ತೆಗೆಯಲು ಯಾರೋ ಸೀಟು ಮುಂದೆ ತಳ್ಳಿರಬಹುದು ಅನ್ನುತ್ತೀರಾ? ನಾನೂ ಹಾಗೇ ಅಂದುಕೊಂಡೆ. ಆದರೆ ಬ್ಯಾಟರಿಗಳು ಅಲ್ಲೇ ಇವೆಯಲ್ಲ. ಒಳಗಿನ ಕನ್ನಡಿ ಯಾವ ಕಡೆ ವಾಲಿದೆ ಎಂದೂ ನೋಡಬಹುದಿತ್ತು. ಅದನ್ನು ನಿಮ್ಮ ಗೆಳೆಯ ಬಿಚ್ಚಿ ಡಬ್ಬಕ್ಕೆ ಹಾಕಿಯಾಗಿದೆ.

ದೊಡ್ಡಮ್ಮ ನಿಮ್ಮ ಪತ್ರದಲ್ಲಿ ಬರುವುದು ಮೂರೇ ಕಡೆ. ಕಾರಿನ ಕಾಗದಪತ್ರದ ಫೈಲು ಮೇಲಿನ ಶೆಲ್ಫಿನಲ್ಲಿತ್ತು, ‘ದೊಡ್ಡಮ್ಮ ಕುಳ್ಳಿ, ಎಟುಕಲಿಲ್ಲ, ನಾನೇ ತೆಗೆದೆ.’ ನೀವು ಕೆಲಸ ಮಾಡುವಾಗ ಚಹಾ, ಚಕ್ಕುಲಿ ತಂದು ಗ್ಯಾರೇಜ್ ಬಾಗಿಲಲ್ಲೇ ಇಟ್ಟು ಹೋಗುತ್ತಾರೆ, ‘ಒಳಗೆ ಬರೋದೇ ಇಲ್ಲ, ಅವರಿಗೆ ಕಾರಿನಲ್ಲಿ ಆಸಕ್ತಿ ಇಲ್ಲ.’ ಆಮೇಲೆ, ಕಾರನ್ನು ಏನು ಮಾಡೋಣ ಎಂದು ನೀವು ಕೇಳಿದ್ದಕ್ಕೆ, ‘ನಿನಗ ಹ್ಯಾಂಗ ಬೇಕೋ ಹಂಗ ಮಾಡ್ಕೋಪಾ.’

ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು. ‘ನಿನಗೆ ಹೇಗೆ ಬೇಕೋ ಹಾಗೆ ಮಾಡು’ ಅನ್ನುವುದು ನಮ್ಮ ಹೆಂಗಸರ ಬಾಯಲ್ಲಿ ಒಪ್ಪಿಗೆ ಅಲ್ಲ. ಸೊಸೆ ಕೇಳಿದಾಗ ಅತ್ತೆ ಹೀಗಂದರೆ ‘ಬೇಡ’ ಅಂತ. ಮಗ ಕೇಳಿದಾಗ ಅಮ್ಮ ಹೀಗಂದರೆ ‘ಇನ್ನೊಂದು ಸಲ ಕೇಳು, ಸರಿಯಾಗಿ ಕೂತು ಕೇಳು’ ಅಂತ. ನಿಂತುಕೊಂಡು, ಕೈಯಲ್ಲಿ ಸ್ಪ್ಯಾನರ್ ಹಿಡಿದು ಕೇಳಿದರೆ ಇನ್ನೇನು ಹೇಳುತ್ತಾರೆ?

ನಾನು ಇದನ್ನು ದಂಡ ತೆತ್ತು ಕಲಿತವಳು. ನಮ್ಮ ಮನೆಯಲ್ಲೊಂದು ಲೂನಾ ಇತ್ತು. ಎಲ್ಲರಿಗೂ ಅದು ‘ಅಪ್ಪನ ಲೂನಾ’. ಅಪ್ಪ ಹೋದ ಮೇಲೆ ಅದನ್ನು ನಾನೇ ಗುಜರಿಯವನಿಗೆ ಕೊಟ್ಟೆ. ಅಮ್ಮನನ್ನು ಕೇಳಿದ್ದೆ, ‘ಏನಾದ್ರೂ ಮಾಡಿ’ ಅಂದಿದ್ದರು. ಎರಡು ತಿಂಗಳಾದ ಮೇಲೆ ಹುರುಳಿಕಾಯಿ ಸೋಸುತ್ತಾ ಕೇಳಿದರು, ‘ನನ್ನ ಲೂನಾ ಎಷ್ಟಕ್ಕೆ ಹೋಯ್ತು?’ ನನ್ನ! ಹನ್ನೊಂದು ವರ್ಷ ಅಮ್ಮ ಶಾಲೆಗೆ ಪಾಠ ಮಾಡಲು ಹೋಗಿದ್ದು ಅದರಲ್ಲೇ. ಅದೇ ಗಾಡಿಯ ಹಿಂದೆ ಕೂತು ನಾನೂ ಹೋಗಿದ್ದೆ. ಆದರೂ ಅಪ್ಪನ ಲೂನಾ ಅಂತಲೇ ಮಾರಿದ್ದೆ. ಇನ್ನೂರು ರೂಪಾಯಿ ಅಂದೆ. ಅಮ್ಮ ಮತ್ತೆ ಏನೂ ಕೇಳಲಿಲ್ಲ.

ನಿಮ್ಮ ದೊಡ್ಡಮ್ಮನೇ ಆ ಕಾರು ಓಡಿಸುತ್ತಿದ್ದರು ಎಂದು ನಾನು ಆಣೆ ಮಾಡಿ ಹೇಳಲಾರೆ. ಬೆಂಗಳೂರಿನಲ್ಲಿ ಕೂತು ವುಲ್ವರ್‌ಹ್ಯಾಂಪ್ಟನ್ನಿನ ಗ್ಯಾರೇಜಿಗೆ ಇಣುಕುತ್ತಿದ್ದೇನೆ. ಆದರೆ ಉಯಿಲು ಬರೆದವರು ದೊಡ್ಡಪ್ಪ. ಕಾಗದದಲ್ಲಿ ಕಾರು ಅವರದು, ಈಗ ನಿಮ್ಮದು. ಕಾಗದದ ಆಚೆ ಅದು ಯಾರದಾಗಿತ್ತು ಎಂದು ಹೇಳಬಲ್ಲವರು ಒಬ್ಬರೇ ಉಳಿದಿದ್ದಾರೆ. ಅವರಿಗೆ 74 ವರ್ಷ.

ಇನ್ನೊಂದು. ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಮ್ಮಿನಿಂದ ಕಾರಿನ ಹೆರಿಟೇಜ್ ಸರ್ಟಿಫಿಕೇಟ್ ತರಿಸಿದ್ದೀರಿ. ಕಾರ್ಖಾನೆಯಿಂದ ಹೊರಬಂದಾಗ ಅದರ ಬಣ್ಣ ಹಾರ್ವೆಸ್ಟ್ ಗೋಲ್ಡ್ ಎಂದು ಅದರಲ್ಲಿದೆ. ಈಗಿರುವುದು ಕಡು ಹಸಿರು. ಗೆಳೆಯ ಹಸಿರನ್ನು ಕೆರೆದು ತೆಗೆಯಿರಿ ಅನ್ನುತ್ತಿದ್ದಾರೆ. ಆ ಹಸಿರನ್ನು ಹೊಡೆಸಿದ್ದು ಯಾರು, ಯಾಕೆ? ಮ್ಯೂಸಿಯಮ್ಮಿಗೆ ಬರೆದು ಕೇಳಿದಿರಿ. ಅಡುಗೆಮನೆಗೆ ಹೋಗಿ ಕೇಳಲಿಲ್ಲ.

ಹಾಗಾಗಿ ಮಾರುವುದೋ ಮಾಡಿಸುವುದೋ ಎಂಬ ಪ್ರಶ್ನೆಗೆ ಈ ವಾರ ನನ್ನಲ್ಲಿ ಉತ್ತರವಿಲ್ಲ. ಆ ಪ್ರಶ್ನೆಯೇ ಸದ್ಯಕ್ಕೆ ಬೇಡ. 11,000 ಪೌಂಡಿನ ಕೆಲಸಕ್ಕೆ ಹೂಂ ಅನ್ನಬೇಡಿ. ಮುಖ್ಯವಾಗಿ ಸಿಲ್‌ಗೆ ಯಾರೂ ಕೈ ಹಾಕಕೂಡದು. ಈ ಕಾರಿಗೆ ಬೇರೆ ಚಾಸಿ ಇಲ್ಲ, ರೋಡ್‌ಸ್ಟರಿಗೆ ಮೇಲೆ ಛಾವಣಿಯೂ ಇಲ್ಲ. ಇಡೀ ಬಾಡಿ ಬಗ್ಗದಂತೆ ಹಿಡಿದಿರುವುದೇ ಆ ಸಿಲ್‌ಗಳು. ಬಾಗಿಲಿನ ಜಾಗಕ್ಕೆ ಅಡ್ಡ ಕಂಬಿ ಕೊಟ್ಟು ಬಿಗಿಯದೆ ಅದನ್ನು ಕತ್ತರಿಸಿದರೆ ಕಾರು ನಡುವೆ ಕುಸಿಯುತ್ತದೆ, ಆಮೇಲೆ ಬಾಗಿಲು ಹಾಕಲಿಕ್ಕೇ ಬರುವುದಿಲ್ಲ. ಇಷ್ಟು ವರ್ಷ ನಿಂತಿದೆ, ಇನ್ನೆರಡು ತಿಂಗಳು ನಿಲ್ಲುತ್ತದೆ. ರಸ್ತೆಗೆ ಇಳಿಯುವುದಿಲ್ಲ ಎಂಬ ಸಾರ್ನ್ ಘೋಷಣೆಯನ್ನು ನಿಮ್ಮ ಹೆಸರಲ್ಲಿ ಕೊಟ್ಟಿದ್ದರೆ ಸಾಕು.

ನೀವು ಮಾಡಬೇಕಾದ್ದು ಒಂದೇ ಕೆಲಸ. ಬರುವ ಶನಿವಾರ ಹೆಂಡತಿಯನ್ನು ಕರೆದುಕೊಂಡು ವುಲ್ವರ್‌ಹ್ಯಾಂಪ್ಟನ್‌ಗೆ ಹೋಗಿ. ಗೆಳೆಯ ಬೇಡ. ಚಹಾ ಈ ಸಲ ನೀವು ಮಾಡಿ. ಆಮೇಲೆ ದೊಡ್ಡಮ್ಮನನ್ನು ಗ್ಯಾರೇಜಿಗೆ ಕರೆದು, ಡ್ರೈವರ್ ಸೀಟಿನ ಧೂಳು ಒರೆಸಿ, ಕೂರುತ್ತೀರಾ ಎಂದು ಕೇಳಿ. ಅದು ತೀರಾ ತಗ್ಗು ಕಾರು, ಕೈ ಹಿಡಿದುಕೊಳ್ಳಿ. ಮಂಡಿ ನೋವು ಅಂದರೆ ಬಲವಂತ ಬೇಡ, ಪಕ್ಕದಲ್ಲೇ ಕುರ್ಚಿ ಹಾಕಿ. ನೀವು ಎಡಗಡೆ ಸೀಟಿನಲ್ಲಿ ಕೂತು ಸುಮ್ನೆ ಇರಿ. ಎಸ್‌ಯು ಕಾರ್ಬುರೇಟರ್ ಬಗ್ಗೆ ಮಾತಾಡಬೇಡಿ. ಅವರು ಏನೂ ಹೇಳದಿದ್ದರೆ ಅದರ ಮುಂದಿನ ಶನಿವಾರ ಮತ್ತೆ ಹೋಗಿ.

ಅಲ್ಲಿಯವರೆಗೆ ಸೀಟಿನ ಹಳಿಗೆ ಎಣ್ಣೆ ಬಿಡಬೇಡಿ.