ಬೇಳೆಯ ಪ್ರೋಟೀನ್ ಮಾಂಸದ ಪ್ರೋಟೀನಿಗೆ ಸಮವೇ?

ಪ್ರಶ್ನೆ: ನನಗೆ 42 ವರ್ಷ, ತೂಕ 60 ಕಿಲೋ. ಆರು ತಿಂಗಳ ಹಿಂದೆ ಮಾಂಸ ಬಿಟ್ಟೆ. ಹಾಲು, ಮೊಟ್ಟೆಯನ್ನೂ ಸೇವಿಸುವುದಿಲ್ಲ. 100 ಗ್ರಾಂ ಬೇಳೆಯಲ್ಲಿ ಕೋಳಿಮಾಂಸದಷ್ಟೇ ಪ್ರೋಟೀನ್ ಇದೆಯೆಂದು ಓದಿದ್ದೇನೆ. ಹಾಗಾದರೆ ಮೊದಲು ತಿನ್ನುತ್ತಿದ್ದ ಮಾಂಸದಷ್ಟೇ ಬೇಳೆ ತಿಂದರೆ ಸಾಕೇ?

ಉತ್ತರ: ಸಾಲದು. ನೀವು ಓದಿದ ಲೆಕ್ಕ ಸುಳ್ಳಲ್ಲ, ಆದರೆ ಅದು ಹಸಿ ಮಾಂಸವನ್ನೂ ಒಣ ಬೇಳೆಯನ್ನೂ ತೂಗಿ ಹೇಳಿದ ಲೆಕ್ಕ. ಬೇಯುವಾಗ ಮಾಂಸ ನೀರು ಬಿಡುತ್ತದೆ, ಬೇಳೆ ನೀರು ಕುಡಿಯುತ್ತದೆ. ಹೀಗಾಗಿ ಬೆಂದ ಕೋಳಿಯ ಎದೆಮಾಂಸದಲ್ಲಿ 100 ಗ್ರಾಂಗೆ ಸುಮಾರು 30 ಗ್ರಾಂ ಪ್ರೋಟೀನ್ ಸಿಕ್ಕರೆ, ಬೆಂದ ಬೇಳೆಯಲ್ಲಿ ಸಿಗುವುದು 8–9 ಗ್ರಾಂ ಮಾತ್ರ. ಮಾಂಸ ಬಿಟ್ಟವರಲ್ಲಿ ಅನೇಕರು ಎಡವುವುದು ಇಲ್ಲಿಯೇ.

ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಬೇಕು. ನಿಮ್ಮ ತೂಕಕ್ಕೆ ಅದು 48 ಗ್ರಾಂ. ಕಾಳುಬೇಳೆಗಳ ಪ್ರೋಟೀನ್ ಮಾಂಸದ್ದರಷ್ಟು ಪೂರ್ತಿಯಾಗಿ ಜೀರ್ಣವಾಗುವುದಿಲ್ಲ. ಆದ್ದರಿಂದ 55–60 ಗ್ರಾಂ ಗುರಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಕಾಳುಗಳನ್ನು ನೆನೆಸಿ, ಸಾಧ್ಯವಾದರೆ ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿದರೆ ಜೀರ್ಣಕ್ಕೆ ಅಡ್ಡಿಮಾಡುವ ಅಂಶಗಳು ತಗ್ಗುತ್ತವೆ.

ಇನ್ನು ಗುಣಮಟ್ಟ. ಪ್ರೋಟೀನ್ ಕಟ್ಟಲ್ಪಟ್ಟಿರುವುದು ಅಮೈನೋ ಆಮ್ಲಗಳೆಂಬ ಚಿಕ್ಕ ಘಟಕಗಳಿಂದ. ಅವುಗಳಲ್ಲಿ ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದವು ಒಂಬತ್ತು. ಮಾಂಸದಲ್ಲಿ ಅವೆಲ್ಲವೂ ಸಾಕಷ್ಟಿವೆ. ಅಕ್ಕಿ, ಗೋಧಿಯಂಥ ಧಾನ್ಯಗಳಲ್ಲಿ ಇವುಗಳಲ್ಲೊಂದಾದ ಲೈಸಿನ್ ಕಡಿಮೆ. ಬೇಳೆಕಾಳುಗಳಲ್ಲಿ ಲೈಸಿನ್ ಧಾರಾಳ, ಮೆಥಿಯೋನಿನ್ ಎಂಬ ಇನ್ನೊಂದು ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಒಂದೇ ಹೊತ್ತಿನ ಊಟದಲ್ಲಿ ತಿನ್ನಲೇಬೇಕೆಂಬ ಹಳೆಯ ನಿಯಮಕ್ಕೆ ಈಗ ಮಾನ್ಯತೆಯಿಲ್ಲ, ದಿನದೊಳಗೆ ಎರಡೂ ಹೊಟ್ಟೆ ಸೇರಿದರೆ ಸಾಕು. ಸೋಯಾ ಮಾತ್ರ ಗುಣದಲ್ಲಿ ಮಾಂಸದ ಹತ್ತಿರಕ್ಕೇ ಬರುತ್ತದೆ. ಅದು ಒಗ್ಗುವುದಾದರೆ ನಿಮ್ಮ ಕೆಲಸ ಬಹಳ ಸುಲಭ.

ಮಾಂಸಕ್ಕೆ ಮರಳಿ ಎಂದು ನಾನು ಹೇಳುತ್ತಿಲ್ಲ. ಮಾಂಸದಲ್ಲಿ ಸ್ವಲ್ಪವೂ ಇಲ್ಲದ ನಾರಿನಂಶ ಕಾಳುಗಳಲ್ಲಿ ಹೇರಳವಾಗಿದೆ.

ಪ್ರೋಟೀನಿಗಿಂತ ನನಗೆ ಚಿಂತೆಯಿರುವುದು ನಿಮ್ಮ ಬಿ12 ಜೀವಸತ್ವದ ಬಗ್ಗೆ. ಹಾಲು, ಮೊಟ್ಟೆಯನ್ನೂ ಬಿಟ್ಟವರಿಗೆ ಸಸ್ಯಾಹಾರದಿಂದ ಅದು ನೆಚ್ಚುವಷ್ಟು ಸಿಗುವುದಿಲ್ಲ. ಯಕೃತ್ತಿನಲ್ಲಿ ಸಂಗ್ರಹವಿರುವುದರಿಂದ ಕೊರತೆ ವರ್ಷಗಟ್ಟಲೆ ಹೊರಗೆ ಕಾಣದೇ ಇರಬಹುದು. ತಡವಾದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದಿರಬಹುದು. ಕೈಕಾಲು ಜೋಮು ಹಿಡಿಯಲಿ ಎಂದು ಕಾಯಬೇಡಿ. ಈ ವಾರವೇ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ, ಅವರು ಹೇಳಿದ ಪ್ರಮಾಣದಲ್ಲಿ ಬಿ12 ಮಾತ್ರೆ ಆರಂಭಿಸಿ.